ಘಾಟಿ ದಾರಿ ಆಯ್ಕೆ: 40 ಟನ್ ಲೋಡಿಗೆ ಹತ್ತಿರದ ಕಡಿದಾದ ರಸ್ತೆಯೋ, ಸುತ್ತು ಹಾಕುವ ಸಪಾಟು ರಸ್ತೆಯೋ?

ಸರಕುದಾರಿ

ಎರಡು ದಾರಿಗಳಲ್ಲಿ ಒಂದನ್ನು ಗೊತ್ತು ಮಾಡಬೇಕಿದೆ. ವಿವರ ಕೆಳಗಿದೆ, ಬಲ್ಲವರು ದಯವಿಟ್ಟು ಲೆಕ್ಕ ಸಮೇತ ಹೇಳಿ.

ಗಾಡಿ: ಎರಡು ಆಕ್ಸಲ್ ಟ್ರ್ಯಾಕ್ಟರ್, ಹಿಂದೆ ಮೂರು ಆಕ್ಸಲ್ ಟ್ರೈಲರ್. ಲೋಡ್ ಸೇರಿ ಒಟ್ಟು ತೂಕ 40 ಟನ್. ಎಂಜಿನ್ 330 ಕಿಲೋವ್ಯಾಟ್, ಅಂದರೆ 440 ಅಶ್ವಶಕ್ತಿಯ ಆಸುಪಾಸು. ಎಲ್ಲ ಚಕ್ರಗಳಿಗೂ ಡ್ರಮ್ ಬ್ರೇಕ್. ಎಕ್ಸಾಸ್ಟ್ ಬ್ರೇಕ್ (ಹೊಗೆ ಹೊರಹೋಗುವುದನ್ನು ತಡೆದು ಎಂಜಿನ್ನಿನಿಂದಲೇ ವೇಗ ಹಿಡಿಯುವುದು) 2200 ಆರ್‌ಪಿಎಂನಲ್ಲಿ 150 ಕಿಲೋವ್ಯಾಟ್. ರಿಟಾರ್ಡರ್, ಅಂದರೆ ಚಕ್ರದ ಬ್ರೇಕ್ ಬಳಸದೆ ವೇಗ ತಗ್ಗಿಸುವ ಹೆಚ್ಚುವರಿ ಸಾಧನ, ಇಲ್ಲ.

ದಾರಿ ಒಂದು: 148 ಕಿ.ಮೀ. ನಡುನಡುವೆ ಹತ್ತಿ ಇಳಿಯುವುದೆಲ್ಲ ಕೂಡಿದರೆ ಒಟ್ಟು ಏರಿಕೆ 950 ಮೀಟರ್. ಕೊನೆಯಲ್ಲಿ ಒಂದೇ ಸಮನೆ 11 ಕಿ.ಮೀ. ಇಳಿಜಾರು, ಸರಾಸರಿ ಶೇ. 7, ಎಂಟು ಹೇರ್‌ಪಿನ್ ತಿರುವು.

ದಾರಿ ಎರಡು: 189 ಕಿ.ಮೀ. ಒಟ್ಟು ಏರಿಕೆ 500 ಮೀಟರ್. ಕೊನೆಯ ಇಳಿತ ಅಷ್ಟೇ ಎತ್ತರದ್ದು, 770 ಮೀಟರ್, ಆದರೆ 19 ಕಿ.ಮೀ.ಗೆ ಹರಡಿಕೊಂಡಿದೆ. ಇಳಿಜಾರು ಶೇ. 4. ಹೇರ್‌ಪಿನ್ ಇಲ್ಲ.

41 ಕಿ.ಮೀ. ಸುತ್ತು ಹಾಕುವುದರಲ್ಲಿ ಅರ್ಥ ಇದೆಯೇ?

ಇಳುಕಲು

ಲೋಡ್ ಇರುವಾಗ ದಾರಿ ಎರಡನ್ನೇ ಹಿಡಿಯಿರಿ. ಇದನ್ನು ತೀರ್ಮಾನಿಸುವುದು ನಿಮ್ಮ ಎಕ್ಸಾಸ್ಟ್ ಬ್ರೇಕಿನ ಆ 150 ಕಿಲೋವ್ಯಾಟ್.

40 ಟನ್ ಗಾಡಿಯ ಭಾರ ಸುಮಾರು 392 ಕಿಲೋನ್ಯೂಟನ್. ಶೇ. 7ರ ಇಳಿಜಾರಿನಲ್ಲಿ ಅದರ ಶೇ. 7, ಅಂದರೆ 27.5 ಕಿಲೋನ್ಯೂಟನ್ ಬಲ ಗಾಡಿಯನ್ನು ಕೆಳಕ್ಕೆ ನೂಕುತ್ತದೆ. ಟೈರ್ ಉರುಳುವಾಗಿನ ತಡೆಯಲ್ಲಿ 2.5 ಕಳೆಯುತ್ತದೆ. ಉಳಿದ 25 ಕಿಲೋನ್ಯೂಟನ್ ಹಿಡಿದುಕೊಳ್ಳುವುದು ಬ್ರೇಕಿನ ಕೆಲಸ. 150ನ್ನು 25ರಿಂದ ಭಾಗಿಸಿದರೆ ಸೆಕೆಂಡಿಗೆ 6 ಮೀಟರ್, ಗಂಟೆಗೆ 21-22 ಕಿ.ಮೀ. ಕಾಲು ಬ್ರೇಕ್ ಮುಟ್ಟದೆ ಇಳಿಯಬಹುದಾದ ವೇಗ ಅಷ್ಟೇ. ಅದೂ ಆರ್‌ಪಿಎಂ ಮುಳ್ಳು 2200ರ ಹತ್ತಿರ ನಿಂತಿರುವ ಗೇರಿನಲ್ಲಿ ಇದ್ದರೆ ಮಾತ್ರ. 1400ಕ್ಕೆ ಇಳಿದರೆ ಎಕ್ಸಾಸ್ಟ್ ಬ್ರೇಕಿನ ಶಕ್ತಿ ಅರ್ಧಕ್ಕೂ ಕೆಳಗೆ ಹೋಗುತ್ತದೆ.

ಇದೇ ಲೆಕ್ಕ ಶೇ. 4ಕ್ಕೆ ಹಾಕಿ. ನೂಕುವ ಬಲ 15.7, ಟೈರ್ ತಡೆ ಕಳೆದು 13.2. ಆಗ ವೇಗ ಗಂಟೆಗೆ 40-41 ಕಿ.ಮೀ. ಅದೇ ಗಾಡಿ, ಅದೇ ಲೋಡ್. ಕಾಲು ಬ್ರೇಕ್ ಪೂರ್ತಿ ತಣ್ಣಗಿರುತ್ತದೆ, ಎದುರಿಗೆ ಏನಾದರೂ ಅಡ್ಡ ಬಂದರೆ ಬಳಸಲು ಸಿದ್ಧವಾಗಿರುತ್ತದೆ.

ಈಗ ಶೇ. 7ರಲ್ಲಿ 22ರ ಬದಲು 35ರಲ್ಲಿ ಇಳಿದರೆ ಏನಾಗುತ್ತದೆ ನೋಡಿ. ಹಿಡಿಯಬೇಕಾದ ಶಕ್ತಿ 243 ಕಿಲೋವ್ಯಾಟ್. ಎಕ್ಸಾಸ್ಟ್ ಬ್ರೇಕ್ 150 ಹಿಡಿದರೂ 93 ಕಿಲೋವ್ಯಾಟ್ ಡ್ರಮ್ಮುಗಳಿಗೆ ಬೀಳುತ್ತದೆ, ಅದೂ ಸುಮಾರು 19 ನಿಮಿಷ ಬಿಡುವಿಲ್ಲದೆ. ಒಟ್ಟು 105 ಮೆಗಾಜೂಲ್. ಹತ್ತು ಡ್ರಮ್, ಒಂದೊಂದು 45 ಕೆ.ಜಿ. ಎಂದು ಹಿಡಿದರೆ 450 ಕೆ.ಜಿ. ಬೀಡುಕಬ್ಬಿಣ. ಗಾಳಿಗೆ ಏನೂ ಹೋಗದಿದ್ದರೆ ಬಿಸಿ 460 ಡಿಗ್ರಿಗೂ ಮೇಲೆ ಏರಬೇಕು. ಗಾಳಿಗೆ ಒಂದಷ್ಟು ಶಾಖ ಹೋಗುತ್ತದೆ, ಒಪ್ಪುತ್ತೇನೆ. ಆದರೆ ಹತ್ತೂ ಡ್ರಮ್ ಸಮನಾಗಿ ಕೆಲಸ ಮಾಡುವುದಿಲ್ಲ. ಹೆಚ್ಚು ಹಿಡಿಯುವ ನಾಲ್ಕೈದು ಡ್ರಮ್ಮುಗಳು 300 ಡಿಗ್ರಿ ದಾಟಿಬಿಡುತ್ತವೆ.

ಹೋಲಿಸಲು ಇನ್ನೊಂದು ಅಂಕಿ: 40 ಕಿ.ಮೀ. ವೇಗದಿಂದ ಒಮ್ಮೆಲೇ ಗಾಡಿ ನಿಲ್ಲಿಸಿದರೆ ಡ್ರಮ್ ಬಿಸಿ ಏರುವುದು ಬರೀ 11 ಡಿಗ್ರಿಯಷ್ಟು. ನಿಲ್ಲಿಸುವುದು ಬ್ರೇಕಿಗೆ ಲೆಕ್ಕಕ್ಕೇ ಇಲ್ಲ. ಇಳಿಜಾರಿನಲ್ಲಿ ಹಿಡಿದುಕೊಂಡೇ ಇರುವುದು ಬ್ರೇಕನ್ನು ಸಾಯಿಸುತ್ತದೆ.

ಸರಕುದಾರಿ

ಲೆಕ್ಕ ಅರ್ಥವಾಯಿತು ಸರ್, ಧನ್ಯವಾದ. ಆದರೆ ಸಮಯ ಮತ್ತು ಡೀಸೆಲ್? ಗಾಡಿ ಕಳಿಸುವವರು ಕೇಳುವುದು ಅದನ್ನೇ. 41 ಕಿ.ಮೀ. ಹೆಚ್ಚು ಓಡಿದರೆ ಹದಿಮೂರು-ಹದಿನಾಲ್ಕು ಲೀಟರ್ ಬೇಕಲ್ಲ?

ಇಳುಕಲು

ಡೀಸೆಲ್ಲಿನ ಉತ್ತರ ನೀವೇ ಕೊಟ್ಟ ವಿವರದಲ್ಲಿದೆ. 40 ಟನ್ನನ್ನು 100 ಮೀಟರ್ ಮೇಲೆತ್ತಲು 39 ಮೆಗಾಜೂಲ್ ಬೇಕು. ಎಂಜಿನ್ ಡೀಸೆಲ್ಲಿನ ಶಕ್ತಿಯಲ್ಲಿ ಶೇ. 40ರಷ್ಟನ್ನು ಕೆಲಸಕ್ಕೆ ತಿರುಗಿಸುತ್ತದೆ, ಗೇರ್‌ಬಾಕ್ಸ್ ಮತ್ತು ಹೌಸಿಂಗ್‌ನಲ್ಲಿ (ಆಕ್ಸಲ್ಲಿನ ಗೇರುಗಳಲ್ಲಿ) ಇನ್ನಷ್ಟು ಹೋಗುತ್ತದೆ. ಹಾಗಾಗಿ ಪ್ರತಿ 100 ಮೀಟರ್ ಏರಿಕೆಗೆ ಹತ್ತಿರ ಹತ್ತಿರ 3 ಲೀಟರ್ ಎಂದು ಹಿಡಿಯಿರಿ. ದಾರಿ ಒಂದರಲ್ಲಿ 450 ಮೀಟರ್ ಹೆಚ್ಚು ಹತ್ತುತ್ತೀರಿ, ಅಂದರೆ 13 ಲೀಟರ್. ಸುತ್ತಿನ 41 ಕಿ.ಮೀ.ಗೆ ಬೇಕಾದದ್ದೂ ಅಷ್ಟೇ. ಡೀಸೆಲ್ ಸರಿಗೆ ಸರಿ.

ಹತ್ತಿದ್ದು ಇಳಿಯುವಾಗ ವಾಪಸ್ ಸಿಗುತ್ತದಲ್ಲ ಎಂಬ ಮಾತು ಬರುತ್ತದೆ. ಸಿಗುವುದು ತೀರಾ ಸಣ್ಣ ಇಳಿಜಾರಿನಲ್ಲಿ ಮಾತ್ರ. 80ರ ವೇಗದಲ್ಲಿ ಟೈರ್ ತಡೆ ಮತ್ತು ಗಾಳಿ ತಡೆ ಸೇರಿ ಸುಮಾರು ಶೇ. 1ರ ಇಳಿಜಾರಿಗೆ ಸಮ. ಅದಕ್ಕಿಂತ ಕಡಿದಾಗಿದ್ದರೆ ಹೆಚ್ಚುವರಿ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ದಾರಿ ಹೋಲಿಸುವಾಗ ನೆತ್ತಿಯ ಎತ್ತರ ನೋಡಿದರೆ ಸಾಲದು. ನಡುವಿನ ಸಣ್ಣಪುಟ್ಟ ಏರುಗಳನ್ನೆಲ್ಲ ಕೂಡಿದ ಒಟ್ಟು ಏರಿಕೆ ನೋಡಬೇಕು.

ಸಮಯಕ್ಕೆ ಬರೋಣ. ಕೊನೆಯ ಇಳಿತ: ದಾರಿ ಒಂದರಲ್ಲಿ 11 ಕಿ.ಮೀ.ಯನ್ನು 21-22ರಲ್ಲಿ ಇಳಿದರೆ ಅರ್ಧ ಗಂಟೆ. ದಾರಿ ಎರಡರಲ್ಲಿ 19 ಕಿ.ಮೀ.ಯನ್ನು 40ರಲ್ಲಿ ಇಳಿದರೂ ಅರ್ಧ ಗಂಟೆಯೊಳಗೇ. ಎಂಟು ಕಿ.ಮೀ. ಹೆಚ್ಚಿದ್ದರೂ ತಡವಾಗುವುದಿಲ್ಲ. ಏರಿನಲ್ಲೂ ಹಾಗೆಯೇ. ಶೇ. 7ರಲ್ಲಿ ಈ ಎಂಜಿನ್ 32 ಕಿ.ಮೀ. ದಾಟದು, ಶೇ. 4ರಲ್ಲಿ 50 ಎಳೆಯುತ್ತದೆ. ಉಳಿದ ಸಾಧಾರಣ ರಸ್ತೆಯ 33 ಕಿ.ಮೀ. ಮಾತ್ರ ನಿಜವಾದ ಹೆಚ್ಚುವರಿ. ಎಲ್ಲ ಕೂಡಿ ಕಳೆದರೆ ದಾರಿ ಎರಡು ಅರ್ಧ ಗಂಟೆಯ ಆಸುಪಾಸು ಹೆಚ್ಚು ಹಿಡಿಯುತ್ತದೆ. ದಾರಿ ಒಂದರಲ್ಲಿ ಬ್ರೇಕ್ ಆರಿಸಲು ಒಮ್ಮೆ ನಿಂತರೆ ಆ ಅರ್ಧ ಗಂಟೆಯೂ ಸಮ.

ತೂಕ ಶೇ. 10 ಹೆಚ್ಚಿದ್ದರೆ ಇಳಿಯುವ ವೇಗ ಶೇ. 10ರಷ್ಟು ತಗ್ಗಬೇಕು. 22 ಹೋಗಿ 20ಕ್ಕೂ ಕೆಳಗೆ. ವೇಬ್ರಿಡ್ಜ್ ಚೀಟಿ ನೋಡದೆ ಈ ಲೆಕ್ಕ ಹಾಕಬೇಡಿ.

ಡ್ರಮ್ಮು_ಲೈನರ್ರು

ಇಳುಕಲು ಅವರ ಲೆಕ್ಕ ಸರಿಯಾಗಿದೆ. ಆದ್ರೆ ಅದು ಬ್ರೇಕ್ ಕಂಡೀಷನ್ ಚೆನ್ನಾಗಿರೋ ಗಾಡಿಗೆ. ದಾರಿ ಯಾವುದೇ ಆಗ್ಲಿ, ಇಳಿಜಾರಿಗೆ ಮೊದ್ಲು ನೋಡ್ಬೇಕಾದ್ದು ಪುಶ್‌ರಾಡ್ ಸ್ಟ್ರೋಕ್, ಅಂದ್ರೆ ಏರ್ ಚೇಂಬರಿನಿಂದ ಬ್ರೇಕನ್ನ ತಳ್ಳೋ ಸರಳು ಎಷ್ಟು ಹೊರಗೆ ಓಡುತ್ತೆ ಅನ್ನೋದು.

ಯಾಕೆ ಅಂದ್ರೆ, 410 ಮಿ.ಮೀ. ವ್ಯಾಸದ ಡ್ರಮ್ 300 ಡಿಗ್ರಿ ಬಿಸಿ ಏರಿದ್ರೆ ವ್ಯಾಸ ಸುಮಾರು 1.3 ಮಿ.ಮೀ. ಹಿಗ್ಗುತ್ತೆ. ಡ್ರಮ್ ಲೈನರಿನಿಂದ (ಡ್ರಮ್ಮಿಗೆ ಉಜ್ಜಿ ಹಿಡಿಯೋ ಪಟ್ಟಿ) ದೂರ ಸರಿಯುತ್ತೆ. ಕ್ಯಾಮ್ (ಬ್ರೇಕ್ ಶೂಗಳನ್ನ ಅಗಲಿಸೋ ತಿರುಗುಣಿ) ಮತ್ತು ಸ್ಲ್ಯಾಕ್ ಅಡ್ಜಸ್ಟರಿನ (ಪುಶ್‌ರಾಡ್‌ನಿಂದ ಕ್ಯಾಮ್ ತಿರುಗಿಸೋ, ಗ್ಯಾಪ್ ಸರಿಮಾಡೋ ತೋಳು) ಅನುಪಾತದಲ್ಲಿ ಆ ಸಣ್ಣ ಗ್ಯಾಪ್ ಪುಶ್‌ರಾಡ್ ಹತ್ರ ದೊಡ್ಡದಾಗಿ, ಹತ್ತು ಮಿ.ಮೀ. ಆಸುಪಾಸು ಹೆಚ್ಚು ಓಡ್ಬೇಕಾಗುತ್ತೆ. 30ನೇ ಸೈಜಿನ ಮಾಮೂಲಿ ಚೇಂಬರಿನ ಪೂರ್ತಿ ಓಟ 64 ಮಿ.ಮೀ., ಅಡ್ಜಸ್ಟ್ ಮಾಡಲೇಬೇಕಾದ ಮಿತಿ 51. ತಣ್ಣಗಿರುವಾಗಲೇ 51ರಲ್ಲಿ ಇದ್ರೆ ಘಾಟಿಯಲ್ಲಿ 61 ಆಗುತ್ತೆ, ಚೇಂಬರಿನೊಳಗಿನ ರಬ್ಬರ್ ಡಯಾಫ್ರಾಮ್ ಕೊನೆ ಮುಟ್ಟೋಕೆ ಏನೂ ಉಳಿದಿರಲ್ಲ. ಪೆಡಲ್ ಮಾಮೂಲಿಯಾಗೇ ಇರುತ್ತೆ, ಗೇಜ್‌ನಲ್ಲಿ ಪ್ರೆಷರ್ ಇರುತ್ತೆ, ಗಾಡಿ ಮಾತ್ರ ನಿಲ್ಲಲ್ಲ. ಏರ್ ಬ್ರೇಕಿನಲ್ಲಿ ಕಾಲಿಗೆ ಸುಳಿವೇ ಸಿಗಲ್ಲ, ಅದೇ ಅಪಾಯ.

ಅಳೆಯೋ ಕ್ರಮ: ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಡಿ. ಟ್ಯಾಂಕ್ ಪ್ರೆಷರ್ 6 ರಿಂದ 6.5 ಬಾರ್ ಇರ್ಲಿ, ಎಂಜಿನ್ ಆಫ್. ಹ್ಯಾಂಡ್ ಬ್ರೇಕ್ ಬಿಡಿ. ಪುಶ್‌ರಾಡ್ ಚೇಂಬರಿನಿಂದ ಹೊರಗೆ ಬರೋ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಒಬ್ರು ಪೆಡಲ್ ಪೂರ್ತಿ ಒತ್ತಿ ಹಿಡೀಲಿ, ಇನ್ನೊಬ್ರು ಗುರುತು ಎಷ್ಟು ಹೊರಗೆ ಬಂತು ಅಂತ ಅಳೀಲಿ. ಹತ್ತೂ ಚಕ್ರ ಅಳೆದು ಬರೆದಿಡಿ. ಒಂದೇ ಆಕ್ಸಲಿನ ಎಡ-ಬಲಕ್ಕೆ 5-6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಕಾರಣ ಹುಡುಕ್ದೆ ಘಾಟಿಗೆ ಬಿಡಬೇಡಿ.

ಆಟೋ ಸ್ಲ್ಯಾಕ್ ಇದ್ದು ಸ್ಟ್ರೋಕ್ ಜಾಸ್ತಿ ತೋರಿಸ್ತಿದ್ರೆ ಸ್ಪ್ಯಾನರ್ ಹಾಕಿ ಟೈಟ್ ಮಾಡಿ ಸುಮ್ನಾಗ್ಬೇಡಿ. ಅದು ತಾನಾಗೇ ಸರಿಮಾಡ್ಕೊಳ್ತಿಲ್ಲ ಅಂದ್ರೆ ಕ್ಯಾಮ್ ಬುಷ್ ಸವೆದಿರುತ್ತೆ, ಇಲ್ಲ ಕ್ಲೆವಿಸ್ ಪಿನ್ (ಪುಶ್‌ರಾಡ್ ಜೋಡಿಸೋ ಪಿನ್) ಲೂಸ್, ಇಲ್ಲ ಅಡ್ಜಸ್ಟರೇ ಹೋಗಿರುತ್ತೆ. ಕೈಯಲ್ಲಿ ಟೈಟ್ ಮಾಡಿದ್ದು ಸ್ವಲ್ಪ ದಿನದಲ್ಲೇ ಮತ್ತೆ ಅಲ್ಲಿಗೇ ಬರುತ್ತೆ.

ಲೈನರ್ ಮಧ್ಯದಲ್ಲಿ 6 ಮಿ.ಮೀ.ಗೆ ಬಂದ್ರೆ ಕೆಲಸ ಮುಗೀತು, ಘಾಟಿ ಓಡೋ ಗಾಡಿಗೆ 10ಕ್ಕೇ ಬದಲಿಸೋದು ಒಳ್ಳೇದು. ಡ್ರಮ್ ಮೇಲೆ ಗರಿಷ್ಠ ವ್ಯಾಸ ಅಚ್ಚು ಹಾಕಿರ್ತಾರೆ, ಲೇತಿಗೆ ಕೊಡೋ ಮುಂಚೆ ಅದನ್ನ ಓದಿ. ಪದೇಪದೇ ಕಡಿಸಿದ ತೆಳು ಡ್ರಮ್ ಶಾಖ ಕಡಿಮೆ ಹಿಡಿಯುತ್ತೆ, ಬೇಗ ಹಿಗ್ಗುತ್ತೆ, ಬೇಗ ಸೀಳುತ್ತೆ. ಲೈನರಿನ ಮೇಲೆ ಕನ್ನಡಿ ಥರ ಹೊಳಪು ಬಂದಿದ್ರೆ ಅದು ಹಿಂದೆ ಯಾವಾಗ್ಲೋ ಕಾದು ಹೋಗಿದೆ ಅಂತ. ಹಬ್ ಸೀಲ್ ಸೋರಿ ಆಯಿಲ್ ಬಿದ್ದ ಲೈನರನ್ನ ತೊಳೆದು ಹಾಕೋ ಪ್ರಯತ್ನ ಬೇಡ, ಎಣ್ಣೆ ಒಳಗೆ ಹೀರ್ಕೊಂಡಿರುತ್ತೆ, ಬಿಸಿ ಆದಾಗ ಮತ್ತೆ ಮೇಲಕ್ಕೆ ಬರುತ್ತೆ.

ಕೆಳಗೇರು

ಬ್ರೇಕ್ ಒತ್ತುವ ರೀತಿ ಬಗ್ಗೆ ಒಂದು ಮಾತು. ಹಗುರವಾಗಿ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾಯುವುದಿಲ್ಲ ಎಂದು ಈಗಲೂ ಹೊಸಬರಿಗೆ ಹೇಳಿಕೊಡುತ್ತಾರೆ. ಒಟ್ಟು ಶಾಖ ಎರಡೂ ರೀತಿಯಲ್ಲಿ ಒಂದೇ. ವ್ಯತ್ಯಾಸ ಇರುವುದು ಹಂಚಿಕೆಯಲ್ಲಿ. ಟ್ರ್ಯಾಕ್ಟರ್ ಮತ್ತು ಟ್ರೈಲರ್ ವಾಲ್ವುಗಳು ಒಂದೇ ಪ್ರೆಷರಿನಲ್ಲಿ ತೆರೆಯುವುದಿಲ್ಲ. 0.2-0.3 ಬಾರ್ ಹೆಚ್ಚುಕಡಿಮೆ ಸಹಜ. ಅರ್ಧ ಬಾರ್‌ನಷ್ಟು ಹಗುರವಾಗಿ ಒತ್ತಿದರೆ ಕೆಲವು ಆಕ್ಸಲ್ ಮಾತ್ರ ಹಿಡಿಯುತ್ತವೆ, ಉಳಿದವು ಸುಮ್ಮನೆ ಉರುಳುತ್ತವೆ. ಹಿಡಿದವು ಸುಡುತ್ತವೆ.

ಸರಿಯಾದ ಕ್ರಮ ಇದು. ಇಳಿಯುವ ವೇಗ 25 ಎಂದು ಗೊತ್ತು ಮಾಡಿಕೊಂಡಿದ್ದೀರಿ ಎನ್ನಿ. ಎಕ್ಸಾಸ್ಟ್ ಬ್ರೇಕ್ ಹಾಕಿಯೂ ವೇಗ 25 ತಲುಪಿದಾಗ ಗಟ್ಟಿಯಾಗಿ, 1.5 ರಿಂದ 2 ಬಾರ್‌ನಷ್ಟು ಒತ್ತಿ 17-18ಕ್ಕೆ ತನ್ನಿ. ಕಾಲು ಪೂರ್ತಿ ತೆಗೆಯಿರಿ. ಮತ್ತೆ 25 ಆದಾಗ ಮತ್ತೆ ಒತ್ತಿ. ಒಂದೊಂದು ಸಲ ಒತ್ತುವುದು ಮೂರ್ನಾಲ್ಕು ಸೆಕೆಂಡ್ ಸಾಕು. ಆ ಪ್ರೆಷರಿನಲ್ಲಿ ಎಲ್ಲ ಆಕ್ಸಲ್ಲೂ ಪಾಲು ಹೊರುತ್ತವೆ. ಬಿಟ್ಟ ಕೂಡಲೇ ಮತ್ತೆ ಒತ್ತಬೇಕಾಗಿ ಬರುತ್ತಿದ್ದರೆ ಗೇರ್ ಮೇಲಿದೆ ಎಂದೇ ಅರ್ಥ.

ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮುಂಚೆ. ನಡುವೆ ಇಳಿಸಲು ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಎಂಜಿನ್ ಹಿಡಿತವೂ ಇಲ್ಲ, ಎಕ್ಸಾಸ್ಟ್ ಬ್ರೇಕೂ ಇಲ್ಲ. ಹತ್ತಿದ ಗೇರಿನಲ್ಲೇ ಇಳಿ ಎಂಬುದು ಹಳೆಯ ಗಾಡಿಗಳ ಕಾಲದ ನಿಯಮ. ಈಗಿನ ಎಂಜಿನ್ ಎಳೆಯುವ ಶಕ್ತಿ ಹೆಚ್ಚು, ಟೈರ್ ಮತ್ತು ಗಾಳಿ ತಡೆ ಕಡಿಮೆ. ಹತ್ತಿದ್ದಕ್ಕಿಂತ ಒಂದಾದರೂ ಗೇರ್ ಕೆಳಗೆ ಇರಲಿ. ಹಲವು ಗಾಡಿಗಳ ಆರ್‌ಪಿಎಂ ಮೀಟರಿನಲ್ಲಿ ಎಂಜಿನ್ ಬ್ರೇಕಿಗೆಂದೇ ನೀಲಿ ಪಟ್ಟಿ ಇರುತ್ತದೆ, ಮುಳ್ಳು ಅದರೊಳಗೆ ಇರಬೇಕು. ಆಟೋ ಗೇರ್ ಇದ್ದರೆ ಮ್ಯಾನ್ಯುಯಲ್‌ಗೆ ಹಾಕಿ ಹಿಡಿದಿಡಿ, ಇಲ್ಲವಾದರೆ ವೇಗ ಹೆಚ್ಚಿದಂತೆ ಅದು ಮೇಲಿನ ಗೇರಿಗೆ ಜಿಗಿಯಬಹುದು.

ಟ್ರೈಲರ್ ಹ್ಯಾಂಡ್ ವಾಲ್ವ್ ಎಳೆದು ಟ್ರೈಲರನ್ನು ಮಾತ್ರ ಹಿಡಿಸಿ ಇಳಿಯುವ ಅಭ್ಯಾಸ ಇದ್ದವರು ಬಿಟ್ಟುಬಿಡಿ. ಹತ್ತು ಡ್ರಮ್ಮಿನ ಕೆಲಸ ಆರಕ್ಕೆ ಬೀಳುತ್ತದೆ.

ಉದ್ದಗಾಡಿ

ಇಷ್ಟೆಲ್ಲ ಬ್ರೇಕಿನ ಮಾತಾಯಿತು. ಎಂಟು ಹೇರ್‌ಪಿನ್ ಇವೆ ಅಂದಿದ್ದೀರಿ, ಅವುಗಳ ತ್ರಿಜ್ಯ ಎಷ್ಟು? ಅದು ಗೊತ್ತಾಗದೆ ದಾರಿ ಒಂದರ ಮಾತೇ ಬೇಡ.

ಟ್ರೈಲರಿನ ಕಿಂಗ್‌ಪಿನ್‌ನಿಂದ (ಟ್ರ್ಯಾಕ್ಟರಿಗೆ ಜೋಡಿಸುವ ಪಿನ್) ನಡುವಿನ ಆಕ್ಸಲಿಗೆ 8 ಮೀಟರ್, ಟ್ರ್ಯಾಕ್ಟರ್ ವೀಲ್‌ಬೇಸ್ (ಮುಂದಿನ-ಹಿಂದಿನ ಆಕ್ಸಲ್ ನಡುವಿನ ದೂರ) 3.7 ಮೀಟರ್ ಎಂದು ಹಿಡಿಯಿರಿ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಟ್ರೈಲರಿನ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿಗಿಂತ ಸುಮಾರು 2.9 ಮೀಟರ್ ಒಳಕ್ಕೆ ಸರಿಯುತ್ತವೆ. ಗಾಡಿಯ ಅಗಲ 2.5 ಸೇರಿಸಿದರೆ ಐದೂವರೆ ಮೀಟರ್ ರಸ್ತೆ ಒಂದೇ ಗಾಡಿಗೆ ಬೇಕು. ಅಂದರೆ ಎದುರಿನ ಲೇನ್ ಖಾಲಿ ಇದ್ದರೆ ಮಾತ್ರ ತಿರುಗುತ್ತದೆ. ಉದ್ದದ ಲೋಬೆಡ್ (ತಗ್ಗು ಹಾಸಿನ ಟ್ರೈಲರ್), ಕಿಂಗ್‌ಪಿನ್‌ನಿಂದ ಆಕ್ಸಲಿಗೆ 12 ಮೀಟರ್ ಇದ್ದರೆ ಒಳಸರಿತ ಆರೂವರೆ ಮೀಟರ್ ದಾಟುತ್ತದೆ. ಹಿಂದಿನ ಚಕ್ರ ತಿರುಗಿಸುವ ಸ್ಟೀರಿಂಗ್ ಆಕ್ಸಲ್ ಇಲ್ಲದಿದ್ದರೆ ಅಂಥ ದಾರಿಗೆ ಕಾಲಿಡುವಂತೆಯೇ ಇಲ್ಲ. ಯುರೋಪಿನ ನಿಯಮದಲ್ಲಿ ಗಾಡಿ ಹೊರಗೆ 12.5, ಒಳಗೆ 5.3 ಮೀಟರ್ ತ್ರಿಜ್ಯದ ಉಂಗುರದೊಳಗೆ ತಿರುಗಬೇಕು. ನಿಮ್ಮ ಟ್ರೈಲರ್ ಅಂಥದ್ದಾದರೂ ರಸ್ತೆ ಅಷ್ಟು ಅಗಲ ಇರಬೇಕಲ್ಲ.

ಇನ್ನೊಂದು ಸಂಗತಿ ನಕ್ಷೆಯಲ್ಲಿ ಕಾಣುವುದಿಲ್ಲ. ಹೇರ್‌ಪಿನ್ನಿನ ಒಳಬದಿ ಹೊರಬದಿಗಿಂತ ಗಿಡ್ಡ, ಏರುವ ಎತ್ತರ ಮಾತ್ರ ಒಂದೇ. ನಡುಗೆರೆಯಲ್ಲಿ 15 ಮೀಟರ್ ತ್ರಿಜ್ಯಕ್ಕೆ ಶೇ. 6 ಇದ್ದರೆ, 9 ಮೀಟರ್ ತ್ರಿಜ್ಯದ ಒಳ ಅಂಚಿನಲ್ಲಿ ಅದೇ ಶೇ. 10 ಆಗುತ್ತದೆ. ಲೋಡ್ ಗಾಡಿ ಒಳಲೇನಿನಲ್ಲಿ ಹತ್ತುವಾಗ ಚಾಸಿಸ್ ತಿರುಚಿಕೊಂಡು ಡ್ರೈವ್ ಚಕ್ರ ಒಂದು ಕಡೆ ಹಗುರವಾಗುತ್ತದೆ, ಅಲ್ಲೇ ಸ್ಲಿಪ್ ಆಗಿ ನಿಲ್ಲುತ್ತದೆ. ಡಿಫರೆನ್ಷಿಯಲ್ ಲಾಕ್ (ಎರಡೂ ಬದಿಯ ಡ್ರೈವ್ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು) ಹಾಕಿ ತಿರುಗಿಸಿದರೆ ಆಕ್ಸಲ್ ಶಾಫ್ಟ್ ಮುರಿಯುವ ಭಯ. ಲಾಕ್ ನೇರ ಇರುವಾಗ ಮಾತ್ರ.

ಎತ್ತರಕ್ಕೆ ಪೇರಿಸಿದ ಲೋಡಿಗೆ ತಿರುವಿನ ವೇಗವನ್ನೂ ನೋಡಿ. ಮಗುಚುವ ಮಿತಿ 0.35 ಜಿ (ಪಕ್ಕಕ್ಕೆ ಎಳೆಯುವ ಬಲ ಗಾಡಿಯ ಭಾರದ 0.35 ಪಾಲು) ಎಂದು ಹಿಡಿದರೆ 15 ಮೀಟರ್ ತ್ರಿಜ್ಯದಲ್ಲಿ ಗಂಟೆಗೆ 26 ಕಿ.ಮೀ.ಗೇ ಒಳಚಕ್ರ ಎದ್ದುಬಿಡುತ್ತದೆ. 12-13 ಕಿ.ಮೀ.ಗೆ ತಂದು ತಿರುಗಿಸಬೇಕು. ಇಳುಕಲು ಸರ್ ಹಾಕಿದ 21-22ರ ಲೆಕ್ಕ ನೇರ ರಸ್ತೆಗೆ. ಪ್ರತಿ ಹೇರ್‌ಪಿನ್ನಿಗೂ ಇನ್ನಷ್ಟು ಬ್ರೇಕ್ ಬೀಳುತ್ತದೆ, ಸಮಯವೂ ಹೋಗುತ್ತದೆ.

ಇಳುಕಲು

ಒಪ್ಪಿದೆ ಉದ್ದಗಾಡಿಯವರೇ. ಎಂಟು ತಿರುವಿಗೆ ನಿಧಾನಿಸಿ, ಎದುರಿನ ಗಾಡಿಗೆ ಕಾದು ಹೋಗುವುದನ್ನು ಸೇರಿಸಿದರೆ ದಾರಿ ಒಂದರ ಇಳಿತಕ್ಕೆ ಮುಕ್ಕಾಲು ಗಂಟೆ ಎಂದೇ ಬರೆದುಕೊಳ್ಳಬೇಕು.

ನಕ್ಷೆ_ಓದು

ಶೇ. 7, ಶೇ. 4 ಎಂಬ ಅಂಕಿಗಳು ಎಲ್ಲಿಂದ ಬಂದವು? ಮೊಬೈಲ್ ಆ್ಯಪ್‌ನ ಎತ್ತರದ ರೇಖೆಯಿಂದ ತೆಗೆದಿದ್ದರೆ ಎಚ್ಚರ. ಅವು ಬಳಸುವ ಉಪಗ್ರಹದ ಎತ್ತರ ದತ್ತಾಂಶ ಬಹುಪಾಲು 30 ಮೀಟರ್ ಚೌಕಗಳದ್ದು, ಎತ್ತರದಲ್ಲಿ ಹಲವು ಮೀಟರ್ ತಪ್ಪು ಇರುತ್ತದೆ. 100 ಮೀಟರ್ ದೂರದಲ್ಲಿ 5 ಮೀಟರ್ ತಪ್ಪಾದರೆ ಶೇ. 5ರ ಸುಳ್ಳು ಇಳಿಜಾರು ಹುಟ್ಟುತ್ತದೆ. ಗುಡ್ಡದ ಬದಿ ಕಡಿದು ಮಾಡಿದ ರಸ್ತೆ, ಸೇತುವೆ, ಸುರಂಗ ಬಂದಲ್ಲಿ ಪೂರ್ತಿ ಹಾಳು. ಸುರಂಗದ ಮೇಲಿನ ಗುಡ್ಡವನ್ನೇ ರಸ್ತೆ ಹತ್ತಿ ಇಳಿದಂತೆ ತೋರಿಸುತ್ತದೆ, ಒಟ್ಟು ಏರಿಕೆ ಉಬ್ಬಿಹೋಗುತ್ತದೆ.

500 ಮೀಟರ್ ಅಂತರದ ಸರಾಸರಿ ತೆಗೆಯಿರಿ. ಅದರಲ್ಲಿ ಅತಿ ಕಡಿದಾದ ಒಂದು ಕಿ.ಮೀ. ಎಲ್ಲಿದೆ ಎಂದು ಗುರುತಿಸಿ. ಸರಾಸರಿ ಶೇ. 7 ಅಂದರೆ ನಡುವೆ ಎರಡು ಕಿ.ಮೀ. ಶೇ. 9 ಇರಬಹುದು, ಗೇರ್ ಗೊತ್ತು ಮಾಡುವುದು ಆ ಶೇ. 9ಕ್ಕೆ. ಇನ್ನೂ ಮುಖ್ಯ, ಅದು ಇಳಿಜಾರಿನ ಆರಂಭದಲ್ಲಿದೆಯೋ ಕೊನೆಯಲ್ಲಿದೆಯೋ ನೋಡಿ. ಕೊನೆಯಲ್ಲಿದ್ದರೆ ಬ್ರೇಕ್ ಬಿಸಿಯಾದ ಮೇಲೆ ಸಿಗುತ್ತದೆ. ಎರಡು ದಾರಿಯ ಸರಾಸರಿ ಒಂದೇ ಇದ್ದರೆ, ಕಡಿದಾದ ಭಾಗ ಮೇಲ್ತುದಿಯಲ್ಲಿರುವ ದಾರಿಯೇ ವಾಸಿ.

ತಪ್ಪಿಸಿಕೊಳ್ಳುವ ಇಳಿಹಾದಿ, ಅಂದರೆ ಬ್ರೇಕ್ ಹೋದ ಗಾಡಿ ನುಗ್ಗಿಸುವ ಜಲ್ಲಿ ಹಾಸು, ಇದೆಯೇ ಎಂದೂ ಗುರುತು ಹಾಕಿಕೊಳ್ಳಿ. ಮೊದಲ ಅಪಾಯದ ತಿರುವಿಗೆ ಮುಂಚೆ ಇದ್ದರೆ ಉಪಯೋಗ. ಅದರಲ್ಲಿ ದುಂಡನೆಯ, ಒಂದೇ ಗಾತ್ರದ ಕಲ್ಲು ಸುಮಾರು ಒಂದು ಮೀಟರ್ ಆಳಕ್ಕೆ ಹಾಕಿರುತ್ತಾರೆ. ದುಂಡಗಿದ್ದರೆ ಬಿಗಿದುಕೊಳ್ಳುವುದಿಲ್ಲ, ಚಕ್ರ ಹೂತು ನಿಲ್ಲುತ್ತದೆ. ನುಗ್ಗಿಸುವಾಗ ಸ್ಟೀರಿಂಗ್ ನೇರ ಇರಬೇಕು. ಓರೆಯಾಗಿ ಹೋದರೆ ಒಂದು ಬದಿ ಮೊದಲು ಹೂತು ಗಾಡಿ ಮಗುಚುತ್ತದೆ.

ಟ್ಯಾಂಕರ್_ಪ್ರಶ್ನೆ

ಇದೇ ಎರಡು ದಾರಿಗೆ ಟ್ಯಾಂಕರ್ ಆದರೆ ಆಯ್ಕೆ ಬದಲಾಗುತ್ತದೆಯೇ? ಸುರಂಗ ಇರುವ ದಾರಿ ಆದರೆ ಏರು ಹತ್ತುವುದೇ ತಪ್ಪುತ್ತದಲ್ಲ?

ಉದ್ದಗಾಡಿ

ತಿರುವಿನ ಮಟ್ಟಿಗೆ ಹೇಳುತ್ತೇನೆ. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು. ಒಳಗಿನ ಅಡ್ಡಗೋಡೆಗಳು ದ್ರವ ಹಿಂದೆ ಮುಂದೆ ನುಗ್ಗುವುದನ್ನು ತಡೆಯುತ್ತವೆ, ಪಕ್ಕಕ್ಕೆ ತೂಗುವುದನ್ನು ತಡೆಯುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ತಿರುವು ಬೆನ್ನುಬೆನ್ನಿಗೆ ಬಂದರೆ ದ್ರವ ಮೊದಲ ತಿರುವಿನ ತೂಗಾಟ ಮುಗಿಸುವ ಮೊದಲೇ ಎರಡನೆಯದು ಸಿಗುತ್ತದೆ. ಹೇರ್‌ಪಿನ್ ದಾರಿ ಟ್ಯಾಂಕರಿಗೆ ಬೇಡ.

ನಕ್ಷೆ_ಓದು

ಸುರಂಗಕ್ಕೆ ಬಂದರೆ, ಮೊದಲು ಸರಕಿನ ವರ್ಗ ನೋಡಬೇಕು. ಯುರೋಪಿನಲ್ಲಿ ಅಪಾಯಕಾರಿ ಸರಕಿನ ಲೆಕ್ಕದಲ್ಲಿ ಸುರಂಗಗಳನ್ನು ಎ ಇಂದ ಇ ವರೆಗೆ ವಿಂಗಡಿಸಿದ್ದಾರೆ. ಇ ವರ್ಗ ಅತಿ ಬಿಗಿ. 1980ರಲ್ಲಿ ತೆರೆದ, ಸುಮಾರು 17 ಕಿ.ಮೀ. ಉದ್ದದ ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ರಸ್ತೆ ಸುರಂಗ ಆ ವರ್ಗದ್ದು. ಅಮೆರಿಕದ ಕೊಲೊರಾಡೊದಲ್ಲಿ ಐಸನ್‌ಹೋವರ್ ಸುರಂಗ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಪಾಯಕಾರಿ ಸರಕಿನ ಗಾಡಿಗಳು ಅದರ ಬದಲು 3,655 ಮೀಟರ್ ಎತ್ತರದ ಲವ್‌ಲ್ಯಾಂಡ್ ಕಣಿವೆದಾರಿ ಹತ್ತಿ ಇಳಿಯಬೇಕು. ಸುರಂಗದ ದಾರಿ ಎಂದುಕೊಂಡು ಹೊರಟ ಟ್ಯಾಂಕರಿಗೆ ಅತ್ಯಂತ ಕಡಿದಾದ ದಾರಿಯೇ ಗಂಟುಬೀಳಬಹುದು. ಹೊರಡುವ ಮೊದಲೇ ನೋಡಿಕೊಳ್ಳಿ.

ಸಾಮಾನ್ಯ ಸರಕಿಗೂ ಸುರಂಗದ ಮುಂಚಿನ ಏರು ಗಮನಿಸಬೇಕಾದದ್ದೇ. 1999ರಲ್ಲಿ ಫ್ರಾನ್ಸ್-ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ 39 ಜನ ಸತ್ತ ಬೆಂಕಿ ಹೊತ್ತಿದ್ದು ಹಿಟ್ಟು ಮತ್ತು ಮಾರ್ಗರಿನ್ ಒಯ್ಯುತ್ತಿದ್ದ ಲಾರಿಯಲ್ಲಿ. ಉದ್ದದ ಏರು ಹತ್ತಿ ಟರ್ಬೊ ಕೆಂಪಗಾಗಿರುವ ಗಾಡಿಯಲ್ಲಿ ಎಣ್ಣೆ ಸೋರಿಕೆ ಇರಬಾರದು, ಹಿಡಿದುಕೊಂಡ ಬ್ರೇಕ್ ಇರಬಾರದು. ಗೊಟ್ಹಾರ್ಡ್‌ನಲ್ಲಿ ಅತಿಯಾಗಿ ಕಾದ ಲಾರಿಯನ್ನು ಬಾಗಿಲಲ್ಲೇ ಹಿಡಿಯಲು ಶಾಖ ಅಳೆಯುವ ಕಮಾನು ಇಟ್ಟಿದ್ದಾರೆ.

ಸರಕುದಾರಿ

ಉಪಯುಕ್ತ ಮಾಹಿತಿ, ಎಲ್ಲರಿಗೂ ಧನ್ಯವಾದ. ಇನ್ನೊಂದು ಅನುಮಾನ. ಮಳೆ, ಮಂಜು ಇದ್ದಾಗ ಇದೇ ಗಾಡಿ ಶೇ. 7 ಹತ್ತುತ್ತದೆಯೇ? ಖಾಲಿ ಗಾಡಿ ವಾಪಸ್ ಬರುವಾಗ ದಾರಿ ಒಂದರಲ್ಲಿ ಬಂದರೆ ತೊಂದರೆ ಇದೆಯೇ?

ಇಳುಕಲು

ಮೊದಲ ಪ್ರಶ್ನೆಗೆ ಉತ್ತರ ಡ್ರೈವ್ ಆಕ್ಸಲ್ ಮೇಲಿನ ತೂಕದಲ್ಲಿದೆ. ಶೇ. 7 ಹತ್ತಲು 30 ಕಿಲೋನ್ಯೂಟನ್ ಬೇಕು. ನಿಮ್ಮ ಒಂದೇ ಡ್ರೈವ್ ಆಕ್ಸಲ್ ಮೇಲೆ 11 ಟನ್ ಇದ್ದರೆ ರಸ್ತೆ-ಟೈರ್ ಹಿಡಿತ ಕನಿಷ್ಠ 0.28 ಇರಬೇಕು. ತೊಳೆದಂತಿರುವ ಒದ್ದೆ ಡಾಂಬರಿನಲ್ಲಿ ಅದು ಸಿಗುತ್ತದೆ. ಕೆಸರು, ಚೆಲ್ಲಿದ ಡೀಸೆಲ್ ಇದ್ದರೆ ಸಿಗದಿರಬಹುದು. ಗಟ್ಟಿಯಾದ ಹಿಮದ ಮೇಲೆ ಹಿಡಿತ 0.2ರ ಆಸುಪಾಸು, ಚೈನ್ ಇಲ್ಲದೆ ಹತ್ತದು. ಎರಡು ಡ್ರೈವ್ ಆಕ್ಸಲ್, 19 ಟನ್ ಇರುವ ಟ್ರ್ಯಾಕ್ಟರಿಗೆ 0.16 ಸಾಕು. ಶೇ. 4ರ ದಾರಿಯಲ್ಲಿ ನಿಮ್ಮ ಗಾಡಿಗೂ 0.17 ಸಾಕು. ಲೋಡನ್ನು ಟ್ರೈಲರಿನ ಹಿಂಬದಿಗೆ ಪೇರಿಸಿದ್ದರೆ ಡ್ರೈವ್ ಆಕ್ಸಲ್ ಹಗುರಾಗಿ ಈ ಲೆಕ್ಕ ಕೆಡುತ್ತದೆ, ಲೋಡ್ ಮಾಡಿಸುವಾಗಲೇ ನೋಡಿ.

ಕೆಳಗೇರು

ಖಾಲಿ ಗಾಡಿಗೆ ದಾರಿ ಒಂದು ಪರವಾಗಿಲ್ಲ. ವಾಪಸ್ ಬರುವಾಗ ಆ 11 ಕಿ.ಮೀ. ಏರು, ಗಾಡಿ 14-15 ಟನ್ ಇರುತ್ತದೆ, ಎಂಜಿನ್ನಿಗೆ ಏನೂ ಅಲ್ಲ. ತಿರುವು ಮಾತ್ರ ಉದ್ದಗಾಡಿಯವರು ಹೇಳಿದಷ್ಟೇ ಅಗಲ ಕೇಳುತ್ತದೆ, ಅದರಲ್ಲಿ ಖಾಲಿ-ಲೋಡ್ ಭೇದ ಇಲ್ಲ. ನಡುವಿನ ಸಣ್ಣ ಇಳಿಜಾರುಗಳಲ್ಲಿ ರಸ್ತೆ ಒದ್ದೆ ಇದ್ದರೆ ಎಕ್ಸಾಸ್ಟ್ ಬ್ರೇಕ್ ಹಾಕುವಾಗ ಜೋಪಾನ. ಅದು ಹಿಡಿಯುವುದು ಡ್ರೈವ್ ಚಕ್ರಗಳನ್ನು ಮಾತ್ರ. ಖಾಲಿ ಇದ್ದಾಗ ಆ ಚಕ್ರಗಳ ಮೇಲೆ ಭಾರ ಕಡಿಮೆ, ಜಾರಿದರೆ ಹಿಂದಿನಿಂದ ಟ್ರೈಲರ್ ನೂಕಿ ಗಾಡಿ ಮಡಚಿಕೊಳ್ಳುತ್ತದೆ. ಹಿಮ ಇದ್ದರೆ ಸ್ವಿಚ್ ಆಫ್ ಇರಲಿ.

ಡ್ರಮ್ಮು_ಲೈನರ್ರು

ಲೋಡ್ ಸಮೇತ ಘಾಟಿ ಇಳಿದು ಕೆಳಗೆ ಬಂದ ಮೇಲೆ ಮಾಡೋದು ಯಾರೂ ಹೇಳ್ಲಿಲ್ಲ. ಕಾದ ಡ್ರಮ್ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸ್ಬೇಡಿ. ಡ್ರಮ್ ಆರಿ ಕುಗ್ಗುವಾಗ ಶೂ ಮೇಲೆ ಬಿಗಿದು ಅಂಡಾಕಾರ ಆಗುತ್ತೆ, ಇಲ್ಲ ಬಿರುಕು ಬಿಡುತ್ತೆ. ಸಮ ಜಾಗದಲ್ಲಿ ಚಕ್ರಕ್ಕೆ ಕಟ್ಟೆ ಕೊಟ್ಟು, ಬ್ರೇಕ್ ಬಿಟ್ಟು ಆರೋಕೆ ಬಿಡಿ. ನೀರು ಹಾಕಲೇಬೇಡಿ.

ಇನ್ಫ್ರಾರೆಡ್ ಥರ್ಮಾಮೀಟರ್ ಒಂದು ಗಾಡೀಲಿ ಇರ್ಲಿ. ನಿಂತ ತಕ್ಷಣ ಹತ್ತೂ ಡ್ರಮ್ ನೋಡಿ ಬರ್ಕೊಳ್ಳಿ. ಒಂದೇ ಆಕ್ಸಲಿನ ಎರಡು ಬದಿಗೆ 50 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ರೆ ಕಾದಿದ್ದನ್ನ ಮಾತ್ರ ನೋಡಿ ಬಿಡ್ಬೇಡಿ. ತಣ್ಣಗಿರೋ ಡ್ರಮ್ ಕೆಲಸಾನೇ ಮಾಡಿಲ್ಲ, ಅದರ ಪಾಲನ್ನೂ ಇನ್ನೊಂದು ಹೊತ್ತಿದೆ. ಸ್ಟ್ರೋಕ್ ಅಳೆಯೋದು ಆ ತಣ್ಣನೆ ಚಕ್ರದಿಂದ ಶುರು ಮಾಡಿ. ಟೈರಿನ ಬೀಡ್ (ರಿಮ್ ಮೇಲೆ ಕೂರೋ ಅಂಚು) ಹತ್ರ ಸುಟ್ಟ ವಾಸನೆ ಬಂದ್ರೆ ಆ ಟೈರ್ ಎದುರು ನಿಲ್ಬೇಡಿ, ಡ್ರಮ್ಮಿನ ಶಾಖ ರಿಮ್ ಮೂಲಕ ಏರ್ತಾ ಇರುತ್ತೆ, ಗಾಡಿ ನಿಂತು ಅರ್ಧ ಗಂಟೆ ಆದ್ಮೇಲೂ ಸಿಡಿಯಬಹುದು.